ಪ್ರತಿಪದಾರ್ಥಕ್ಕೂ ತಾತ್ಪರ್ಯಕ್ಕೂ ನಡುವೆ: ಅನುವಾದಕ ಜೆರೋಮನ ಬದುಕು

ಹಳಗನ್ನಡ ಪದ್ಯವನ್ನು ಪಾಠ ಮಾಡಲು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವೊಂದಿದೆ. ಮೊದಲು ಪದವಿಭಾಗ, ಆಮೇಲೆ ಅನ್ವಯ, ಪ್ರತಿಪದಾರ್ಥ, ಕೊನೆಗೆ ತಾತ್ಪರ್ಯ. ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳನ್ನು ನೋಡುವಾಗ ನನಗೆ ಹೆಚ್ಚಾಗಿ ಎದುರಾಗುವ ತೊಡಕು ಇರುವುದು ಕೊನೆಯ ಎರಡು ಹಂತಗಳ ನಡುವೆ. ಕೆಲವರು ಒಂದೊಂದು ಪದಕ್ಕೂ ಅರ್ಥ ಬರೆಸಿ ಪಾಠ ಮುಗಿಸುತ್ತಾರೆ. ಮಕ್ಕಳಿಗೆ ಪದಗಳೆಲ್ಲ ಗೊತ್ತಾಗಿರುತ್ತವೆ, ಪದ್ಯ ಗೊತ್ತಾಗಿರುವುದಿಲ್ಲ. ಕೆಲವರು ಪದಗಳನ್ನು ಮುಟ್ಟದೆ ಗೈಡಿನ ತಾತ್ಪರ್ಯವನ್ನು ಹೇಳಿಬಿಡುತ್ತಾರೆ. ಆ ತಾತ್ಪರ್ಯ ಪದ್ಯದ ಯಾವ ಮಾತಿನಿಂದ ಬಂತೆಂದು ಮಗು ಕೇಳಿದರೆ ಉತ್ತರವಿರುವುದಿಲ್ಲ. ಪಠ್ಯವು ಧರ್ಮಗ್ರಂಥದಿಂದ ಆಯ್ದ ಭಾಗವಾದರೆ ಕಷ್ಟ ಇನ್ನೂ ಹೆಚ್ಚು. ಮಕ್ಕಳು ಅದನ್ನು ಮನೆಯಲ್ಲಿ ಕೇಳಿ, ಹಾಡಿ, ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಅವರು ತಿಳಿದ ಅರ್ಥವೊಂದು, ಪದಗಳು ಹೇಳುವ ಅರ್ಥ ಇನ್ನೊಂದು ಆದಾಗ ಶಿಕ್ಷಕ ಏನು ಮಾಡಬೇಕು?

ಈ ಪ್ರಶ್ನೆಯನ್ನು ತತ್ತ್ವವಾಗಿ ಚರ್ಚಿಸುವುದಕ್ಕಿಂತ, ಇದನ್ನೇ ಬದುಕಿಡೀ ಎದುರಿಸಿದ ಒಬ್ಬ ಮನುಷ್ಯನ ಕಥೆಯಾಗಿ ಹೇಳುವುದು ಮೇಲೆಂದು ನನಗೆ ತೋರಿದೆ. ಅವನು ಜೆರೋಮ್. ಹದಿನಾರು ಶತಮಾನಗಳ ಹಿಂದೆ ಹೀಬ್ರೂ ಬೈಬಲನ್ನು ಲ್ಯಾಟಿನ್ನಿಗೆ ತಂದವನು. ಕ್ರೈಸ್ತರಿಗೆ ಅವನು ಸಂತ. ಭಾಷೆ ಕಲಿಸುವ ನಮಗೆ ಅವನು ಪದದ ಮುಂದೆ ಕುಳಿತು ತಲೆ ಕೆಡಿಸಿಕೊಂಡ ಒಬ್ಬ ಸಹೋದ್ಯೋಗಿ. ಈ ಬರಹದಲ್ಲಿ ನಾನು ನೋಡುವುದು ಎರಡನೆಯವನನ್ನು.

ಓದು ಮತ್ತು ಅಲೆದಾಟ

ಜೆರೋಮ್ ಹುಟ್ಟಿದ್ದು ಕ್ರಿ.ಶ. 347ರ ಸುಮಾರಿಗೆ, ರೋಮನ್ ಸಾಮ್ರಾಜ್ಯದ ದಲ್ಮಾಟಿಯ ಮತ್ತು ಪನ್ನೋನಿಯ ಪ್ರಾಂತಗಳ ಗಡಿಯಲ್ಲಿದ್ದ ಸ್ಟ್ರಿಡಾನ್ ಎಂಬ ಊರಿನಲ್ಲಿ. ಆ ಊರು ಅವನ ಕಾಲದಲ್ಲೇ ಗಾಥರ ದಾಳಿಗೆ ಸಿಕ್ಕಿ ಹಾಳಾಯಿತು. ಮನೆಯವರು ಅನುಕೂಲಸ್ಥರು, ಹುಡುಗನನ್ನು ಓದಲು ರೋಮಿಗೆ ಕಳಿಸಿದರು. ಅಲ್ಲಿ ಅವನಿಗೆ ವ್ಯಾಕರಣ ಹೇಳಿಕೊಟ್ಟವನು ಈಲಿಯಸ್ ಡೊನಾಟಸ್. ಡೊನಾಟಸನ ವ್ಯಾಕರಣ ಮುಂದೆ ನೂರಾರು ವರ್ಷ ಯುರೋಪಿನ ಶಾಲೆಗಳಲ್ಲಿ ಪಠ್ಯವಾಗಿತ್ತು. ಒಳ್ಳೆಯ ವ್ಯಾಕರಣದ ಮೇಷ್ಟ್ರು ಸಿಕ್ಕರೆ ಶಿಷ್ಯನಿಗೆ ಪದವನ್ನು ಒಡೆದು ನೋಡುವ ಚಟ ಹತ್ತುತ್ತದೆ. ಜೆರೋಮನಿಗೂ ಹತ್ತಿತು. ಸಿಸೆರೊ, ವರ್ಜಿಲ್ ಮೊದಲಾದವರ ಗ್ರಂಥಗಳನ್ನು ಅವನು ಆಸೆಯಿಂದ ಓದಿದ, ತನಗಾಗಿ ಒಂದು ಪುಸ್ತಕ ಸಂಗ್ರಹವನ್ನೂ ಮಾಡಿಕೊಂಡ.

ಓದು ಮುಗಿದ ಮೇಲೆ ಟ್ರಿಯರ್, ಅಕ್ವಿಲೇಯ, ಅಲ್ಲಿಂದ ಪೂರ್ವದ ಅಂತಿಯೋಕ್ಯ ಎಂದು ಅಲೆದ. ಅಂತಿಯೋಕ್ಯದ ಕಾಲದ್ದೆನ್ನಲಾಗುವ ಒಂದು ಕಾಯಿಲೆಯ ಕನಸನ್ನು ಅವನೇ ಮುಂದೆ ಪತ್ರವೊಂದರಲ್ಲಿ ವಿವರಿಸಿದ್ದಾನೆ. ನ್ಯಾಯಾಧೀಶನ ಮುಂದೆ ನಿಂತ ಅವನು ತಾನು ಕ್ರೈಸ್ತನೆಂದಾಗ, ನೀನು ಸಿಸೆರೊನ ಕಡೆಯವನು ಎಂಬ ತೀರ್ಪು ಬಂತು, ಚಾವಟಿಯ ಏಟೂ ಬಿತ್ತು. ಹಳೆಯ ಸಾಹಿತ್ಯವನ್ನು ಇನ್ನು ಮುಟ್ಟೆನೆಂದು ಕನಸಿನಲ್ಲೇ ಆಣೆ ಮಾಡಿದ. ಆ ಆಣೆ ಪೂರ್ತಿ ಉಳಿಯಲಿಲ್ಲ. ಅವನ ಬರಹದಲ್ಲಿ ಕೊನೆಯವರೆಗೂ ವರ್ಜಿಲ್ ಇಣುಕುತ್ತಲೇ ಇದ್ದಾನೆ. ಕನಸು ತೋರುವುದು ಅವನೊಳಗಿನ ಒಂದು ನಿಜವಾದ ಇಕ್ಕಟ್ಟನ್ನು: ಸೊಗಸಾದ ಲ್ಯಾಟಿನ್ನಿಗೆ ಒಗ್ಗಿದ ಕಿವಿಗೆ ಆ ಕಾಲದ ಲ್ಯಾಟಿನ್ ಬೈಬಲಿನ ಒರಟು ಭಾಷೆ ರುಚಿಸುತ್ತಿರಲಿಲ್ಲ. ಆ ಒರಟುತನದ ಕಾರಣವೇನು ಎಂಬುದನ್ನು ತಿಳಿಯುವುದರಲ್ಲೇ ಅವನ ಮುಂದಿನ ಬದುಕು ಕಳೆಯಿತು.

ಮೂವತ್ತರ ಹತ್ತಿರ ಹೊಸ ಅಕ್ಷರಮಾಲೆ

ಅಂತಿಯೋಕ್ಯದಿಂದ ಅವನು ಸಿರಿಯದ ಕಾಲ್ಕಿಸ್ ಮರುಭೂಮಿಗೆ ತಪಸ್ಸಿಗೆಂದು ಹೋದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓಡುವ ಮನಸ್ಸಿಗೆ ಕಷ್ಟದ ಕೆಲಸವೊಂದನ್ನು ಕೊಟ್ಟು ಕಟ್ಟಿಹಾಕಲು ಅವನು ಆರಿಸಿಕೊಂಡದ್ದು ಹೀಬ್ರೂ ಭಾಷೆಯ ಕಲಿಕೆ. ಯೆಹೂದಿ ಧರ್ಮದಿಂದ ಕ್ರೈಸ್ತನಾಗಿದ್ದ ಒಬ್ಬ ಸನ್ಯಾಸಿ ಅವನಿಗೆ ಗುರುವಾದ. ಸಿಸೆರೊನ ಹರಿಯುವ ವಾಕ್ಯಗಳನ್ನು ಓದಿ ಬೆಳೆದವನು ಈಗ ಹೊಸ ಅಕ್ಷರಗಳನ್ನು ತಿದ್ದಬೇಕಾಯಿತು, ಗಂಟಲಿನಿಂದ ಹೊರಡುವ ಅಪರಿಚಿತ ಧ್ವನಿಗಳನ್ನು ಉಚ್ಚರಿಸಬೇಕಾಯಿತು. ಎಷ್ಟೋ ಸಲ ನಿರಾಶನಾಗಿ ಕೈಬಿಟ್ಟ, ಮತ್ತೆ ಹಿಡಿದ. ಬಿತ್ತಿದ ಬೀಜ ಕಹಿಯಾಗಿದ್ದರೂ ಹಣ್ಣು ಸಿಹಿಯಾಯಿತೆಂಬ ಅರ್ಥದ ಮಾತನ್ನು ಮುಪ್ಪಿನಲ್ಲಿ ಬರೆದ. ಎರಡನೆಯ ಭಾಷೆ ಕಲಿಯುವ ಮಗುವಿನ ಸಂಕಟ ಮರೆತುಹೋದ ಶಿಕ್ಷಕರಿಗೆ ಈ ಭಾಗವನ್ನು ನಾನು ಒತ್ತಿ ಹೇಳುತ್ತೇನೆ.

ಹೀಬ್ರೂ ಏಕೆ ಬೇಕಿತ್ತು? ಯೆಹೂದಿಗಳ ಗ್ರಂಥಗಳು ಕ್ರಿ.ಪೂ. 3ನೇ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಗ್ರೀಕಿಗೆ ಅನುವಾದವಾಗತೊಡಗಿದವು. ಎಪ್ಪತ್ತೆರಡು ಪಂಡಿತರು ಸೇರಿ ಅನುವಾದಿಸಿದರೆಂಬ ಐತಿಹ್ಯದಿಂದ ಅದಕ್ಕೆ ಸೆಪ್ಟುಅಜಿಂಟ್, ಅಂದರೆ ‘ಎಪ್ಪತ್ತರದು’ ಎಂಬ ಹೆಸರು ಬಂತು. ಕ್ರೈಸ್ತರು ಅದನ್ನು ದೈವಪ್ರೇರಿತವೆಂದೇ ನಂಬಿದ್ದರು. ಹಳೆಯ ಲ್ಯಾಟಿನ್ ಬೈಬಲ್ ಈ ಗ್ರೀಕಿನಿಂದ ಆದದ್ದು, ಅಂದರೆ ಅನುವಾದದ ಅನುವಾದ. ಮೂಲದಲ್ಲಿ ಏನಿದೆಯೆಂದು ನೋಡಬಲ್ಲವರು ಲ್ಯಾಟಿನ್ ಕ್ರೈಸ್ತರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ರೋಮಿನಲ್ಲಿ ವಹಿಸಿದ ಕೆಲಸ

ಕಾನ್‌ಸ್ಟಾಂಟಿನೋಪಲಿನಲ್ಲಿ ಕೆಲಕಾಲವಿದ್ದು, ನಾಜಿಯಾಂಜಸಿನ ಗ್ರೆಗೊರಿಯ ಪ್ರವಚನ ಕೇಳಿ, 382ರಲ್ಲಿ ಜೆರೋಮ್ ರೋಮಿಗೆ ಮರಳಿದ. ಪೋಪ್ ದಮಾಸಸ್ ಅವನನ್ನು ಪತ್ರವ್ಯವಹಾರಕ್ಕೆ ಇಟ್ಟುಕೊಂಡ, ಜೊತೆಗೆ ಒಂದು ಕೆಲಸ ವಹಿಸಿದ: ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪಾಠವನ್ನು ಗ್ರೀಕ್ ಮೂಲಕ್ಕೆ ಹೋಲಿಸಿ ತಿದ್ದುವುದು. ಕೈಬರಹದ ಪ್ರತಿಗಳು ಎಷ್ಟಿದ್ದವೋ ಹೆಚ್ಚುಕಡಿಮೆ ಅಷ್ಟೇ ಪಾಠಗಳಿದ್ದವು. ಪ್ರತಿಕಾರರ ತಪ್ಪು, ಅರೆಬರೆ ತಿಳಿದವರ ತಿದ್ದುಪಡಿ, ಎಲ್ಲವೂ ಸೇರಿದ್ದವು. ಜನ ಬಾಲ್ಯದಿಂದ ಕೇಳಿದ ಪಾಠಕ್ಕಿಂತ ಬೇರೆಯದನ್ನು ಕಂಡ ಕೂಡಲೇ ತನ್ನನ್ನು ಗ್ರಂಥ ಕೆಡಿಸಿದವನೆಂದು ಬೈಯುವರೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಮುನ್ನುಡಿಯಲ್ಲಿ ಅದನ್ನು ಹೇಳಿಯೂ ಇದ್ದಾನೆ. ಆದುದರಿಂದ ಅರ್ಥ ಕೆಡುವ ಕಡೆಗಳಲ್ಲಿ ಮಾತ್ರ ತಿದ್ದಿ ಉಳಿದದ್ದನ್ನು ಇದ್ದ ಹಾಗೆ ಬಿಟ್ಟ.

ರೋಮಿನ ಶ್ರೀಮಂತ ಮನೆತನಗಳ ಹಲವು ಹೆಂಗಸರು ಅವನ ಬಳಿ ಧರ್ಮಗ್ರಂಥ ಓದಿದರು. ಮಾರ್ಸೆಲ್ಲ ಸುಮ್ಮನೆ ಒಪ್ಪುವವಳಲ್ಲ, ಪ್ರಶ್ನೆ ಮೇಲೆ ಪ್ರಶ್ನೆ ಕೇಳುವವಳು. ಪೌಲ ಎಂಬ ವಿಧವೆ, ಆಕೆಯ ಮಗಳು ಯೂಸ್ಟೋಕಿಯಂ ಕೂಡ ಆ ಗುಂಪಿನಲ್ಲಿದ್ದರು. ಪೌಲಳ ಇನ್ನೊಬ್ಬ ಮಗಳು ಕಠಿಣ ಉಪವಾಸದ ನಡುವೆ ತೀರಿಕೊಂಡಾಗ ಜನ ಜೆರೋಮನನ್ನು ದೂರಿದರು. ಅವನ ನಾಲಿಗೆಯೂ ಹರಿತ. ರೋಮಿನ ಪಾದ್ರಿಗಳ ಭೋಗವನ್ನು ಹೆಸರು ಹೇಳದೆ ಅಣಕಿಸಿ ಶತ್ರುಗಳನ್ನು ಸಂಪಾದಿಸಿದ್ದ. 384ರ ಕೊನೆಗೆ ದಮಾಸಸ್ ತೀರಿದ ಮೇಲೆ ಬೆಂಬಲಕ್ಕೆ ಯಾರೂ ಉಳಿಯಲಿಲ್ಲ. 385ರಲ್ಲಿ ಅವನು ರೋಮನ್ನು ಬಿಟ್ಟ.

ಬೆತ್ಲೆಹೇಮಿನ ಗುರುಗಳು

ಪೌಲ ಮತ್ತು ಯೂಸ್ಟೋಕಿಯಂ ಪೂರ್ವದಲ್ಲಿ ಅವನನ್ನು ಕೂಡಿಕೊಂಡರು. ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿ 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆನಿಂತರು. ಪೌಲಳ ಹಣದಿಂದ ಗಂಡಸರಿಗೊಂದು ಮಠ, ಹೆಂಗಸರಿಗೆ ಮಠಗಳು, ಯಾತ್ರಿಕರಿಗೆ ಛತ್ರ ಎದ್ದವು. ಪೌಲ ತಾನೂ ಹೀಬ್ರೂ ಕಲಿತು, ಕೀರ್ತನೆಗಳನ್ನು ಲ್ಯಾಟಿನ್ನಿನ ಛಾಯೆಯಿಲ್ಲದ ಉಚ್ಚಾರದಲ್ಲಿ ಹಾಡುತ್ತಿದ್ದಳೆಂದು ಜೆರೋಮ್ ಮೆಚ್ಚಿ ಬರೆದಿದ್ದಾನೆ.

ಅನುವಾದಕ್ಕೆ ಮೊದಲು ಅವನು ಮತ್ತೆ ವಿದ್ಯಾರ್ಥಿಯಾದ. ಬರನೀನ ಎಂಬ ಯೆಹೂದಿ ಗುರು ತನ್ನವರ ಕಣ್ಣಿಗೆ ಬೀಳಬಾರದೆಂದು ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದ. ಯೋಬನ ಗ್ರಂಥ ಅರ್ಥವಾಗದೆ, ಲಿದ್ದ ಊರಿನ ಪಂಡಿತನೊಬ್ಬನನ್ನು ಸಾಕಷ್ಟು ಹಣ ಕೊಟ್ಟು ಕರೆಸಿದ. ಅವನಿಂದ ಎಷ್ಟು ಕಲಿತೆನೋ ಹೇಳಲಾರೆ, ಆದರೆ ನನಗೆ ಅರ್ಥವಾಗದ ಯಾವುದನ್ನೂ ನಾನು ಅನುವಾದಿಸಲಾರೆ ಎಂಬುದು ಆ ಗ್ರಂಥದ ಮುನ್ನುಡಿಯಲ್ಲಿ ಅವನು ಹೇಳುವ ಮಾತಿನ ಸಾರ. ತೋಬಿತನ ಕಥೆ ಅವನಿಗೆ ಸಿಕ್ಕಿದ್ದು ಅರಮಾಯಿಕ್ ಭಾಷೆಯಲ್ಲಿ. ಎರಡೂ ಭಾಷೆ ಬಲ್ಲವನೊಬ್ಬನನ್ನು ಹುಡುಕಿ, ಅವನು ಹೀಬ್ರೂವಿನಲ್ಲಿ ಹೇಳಿದ್ದನ್ನು ತಾನು ಲ್ಯಾಟಿನ್ನಿನಲ್ಲಿ ಹೇಳುತ್ತ ಲಿಪಿಕಾರನಿಂದ ಬರೆಸಿ, ಒಂದೇ ದಿನದಲ್ಲಿ ಮುಗಿಸಿದ. ಇಂಥ ಗುರುಗಳಿಂದ ಇಷ್ಟೆಲ್ಲ ಪಡೆದ ಜೆರೋಮ್ ತನ್ನ ವಾದಗ್ರಂಥಗಳಲ್ಲಿ ಯೆಹೂದಿಗಳನ್ನು ಕಟುವಾಗಿ ನಿಂದಿಸಿದ್ದೂ ಉಂಟು. ಅವನ ಬದುಕನ್ನು ತರಗತಿಯಲ್ಲಿ ಹೇಳುವವರು ಇದನ್ನು ಮುಚ್ಚಿಡಬಾರದು.

ಸ್ವರವಿಲ್ಲದ ಬರಹ

ಸುಮಾರು 390ರಿಂದ 405ರವರೆಗೆ, ಹದಿನೈದು ವರ್ಷ ಅವನು ಹೀಬ್ರೂ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಇದ್ದುದನ್ನು ಇದ್ದ ಹಾಗೆ ಪದಕ್ಕೆ ಪದ ಇಡಬಾರದೇಕೆ ಎಂದು ಕೇಳುವವರು ಅಂದೂ ಇದ್ದರು. ತೊಡಕು ಪದಕ್ಕಿಂತ ಮೊದಲೇ, ಅಕ್ಷರದಲ್ಲೇ ಶುರುವಾಗುತ್ತಿತ್ತು. ಆ ಕಾಲದ ಹೀಬ್ರೂ ಬರಹದಲ್ಲಿ ವ್ಯಂಜನಗಳಿಗೆ ಮಾತ್ರ ಅಕ್ಷರ. ಸ್ವರಚಿಹ್ನೆಗಳು ಬಂದದ್ದು ಅವನು ಸತ್ತ ಎಷ್ಟೋ ಕಾಲದ ಮೇಲೆ. ಹಬಕ್ಕೂಕನ ಗ್ರಂಥದಲ್ಲಿ ದ-ಬ-ರ ಎಂಬ ಮೂರು ವ್ಯಂಜನಗಳಿರುವ ಒಂದು ಪದ ಬರುತ್ತದೆ. ದಾಬಾರ್ ಎಂದು ಓದಿದರೆ ಮಾತು, ದೆಬೆರ್ ಎಂದು ಓದಿದರೆ ಮಾರಿಬೇನೆ. ಗ್ರೀಕ್ ಅನುವಾದಕರು ಮೊದಲನೆಯದನ್ನು ಓದಿಕೊಂಡಿದ್ದರು. ಜೆರೋಮ್ ಎರಡನೆಯದರ ಕಡೆ ವಾಲಿ ಸಾವು ಎಂಬರ್ಥದ ಪದವನ್ನಿಟ್ಟ, ತನ್ನ ವ್ಯಾಖ್ಯಾನದಲ್ಲಿ ಈ ಮೂರು ಅಕ್ಷರಗಳ ಇಬ್ಬಂದಿಯನ್ನೂ ವಿವರಿಸಿದ.

ಇದನ್ನು ಕನ್ನಡದ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ತೋರಿಸುವುದು ಸುಲಭ. ಕ ಮತ್ತು ಲ ಎಂಬ ಎರಡು ವ್ಯಂಜನಗಳನ್ನಷ್ಟೇ ಬರೆದು, ಗುಣಿತದ ಚಿಹ್ನೆಗಳು ಇಲ್ಲವೆಂದುಕೊಳ್ಳಿ ಎನ್ನಬೇಕು. ಕಾಲ, ಕಾಲು, ಕೋಲು, ಕಲೆ, ಕೊಲೆ, ಕೂಲಿ ಎಂದು ಮಕ್ಕಳೇ ಹೇಳುತ್ತಾರೆ. ಇದರಲ್ಲಿ ಯಾವುದು ಸರಿ ಎಂದು ಕೇಳಿದರೆ, ಉಳಿದ ವಾಕ್ಯ ಹೇಳಿ ಸಾರ್ ಎನ್ನುತ್ತಾರೆ. ಅಕ್ಷರಾರ್ಥ ಎಂಬುದು ಅಕ್ಷರದೊಳಗೇ ಕುಳಿತಿರುವುದಿಲ್ಲ, ಓದುಗ ಸಂದರ್ಭ ನೋಡಿ ಅದನ್ನು ಆರಿಸಬೇಕಾಗುತ್ತದೆ ಎಂಬುದು ಆ ಒಂದು ಕೋರಿಕೆಯಿಂದಲೇ ತರಗತಿಗೆ ತಿಳಿಯುತ್ತದೆ.

ಪದಕ್ಕೆ ಪದ ಇಡುವ ವ್ರತವನ್ನು ಕೊನೆಯವರೆಗೂ ನಡೆಸಿದವನು ಜೆರೋಮನಿಗಿಂತ ಹಿಂದೆ, 2ನೇ ಶತಮಾನದಲ್ಲಿದ್ದ ಅಕ್ವಿಲ. ಹೀಬ್ರೂವಿನಲ್ಲಿ ಕರ್ಮಪದದ ಹಿಂದೆ ಎತ್ ಎಂಬ ಒಂದು ಕಿರುಪದ ಬರುತ್ತದೆ. ನಮ್ಮ ದ್ವಿತೀಯಾ ವಿಭಕ್ತಿಯ ‘ಅನ್ನು’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಬೇರೆ ಅರ್ಥವಿಲ್ಲ. ಆದರೆ ಅದೇ ರೂಪದ ಇನ್ನೊಂದು ಪದಕ್ಕೆ ‘ಜೊತೆ’ ಎಂಬ ಅರ್ಥವಿದೆ. ಧರ್ಮಗ್ರಂಥದಲ್ಲಿ ಒಂದು ಪದವೂ ವ್ಯರ್ಥವಲ್ಲವೆಂದು ನಂಬಿದ್ದ ಅಕ್ವಿಲ, ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದ ಸಂಗತಿಯನ್ನು ಹೇಳುವಲ್ಲಿ ಆ ಎತ್‌ಗೂ ಗ್ರೀಕಿನಲ್ಲಿ ‘ಜೊತೆ’ ಎಂಬರ್ಥದ ಪದವನ್ನು ತಂದಿಟ್ಟ. ಗ್ರೀಕರಿಗೆ ಅದು ಗ್ರೀಕಾಗಿ ಕೇಳಲಿಲ್ಲ. ಜೆರೋಮ್ ಅಕ್ವಿಲನ ಶ್ರದ್ಧೆಯನ್ನು ಗೌರವಿಸಿದ, ಅವನ ಅನುವಾದವನ್ನು ಸದಾ ಪಕ್ಕದಲ್ಲಿಟ್ಟುಕೊಂಡ, ಆದರೆ ಈ ಅತಿಯನ್ನು ನಕ್ಕು ಬಿಟ್ಟ.

ಕೊಂಬು, ರೊಟ್ಟಿ

ಹಾಗೆಂದು ಜೆರೋಮ್ ಪದವನ್ನು ಬಿಟ್ಟು ಹಾರಿದವನಲ್ಲ. ಎರಡು ಕಡೆ ಪದದ ಕೈಯನ್ನು ಗಟ್ಟಿಯಾಗಿ ಹಿಡಿದು ನಡೆದ. ಮೋಶೆ ಸೀನಾಯಿ ಬೆಟ್ಟದಿಂದ ಇಳಿದಾಗ ಅವನ ಮುಖಕ್ಕೆ ಏನಾಗಿತ್ತೆಂದು ಹೇಳುವ ಹೀಬ್ರೂ ಕ್ರಿಯಾಪದ, ಕೊಂಬು ಎಂಬರ್ಥದ ಕೆರೆನ್ ಎಂಬ ನಾಮಪದಕ್ಕೆ ಸೇರಿದ್ದು. ಹಳೆಯ ಗ್ರೀಕ್ ಅನುವಾದ ಮುಖ ಮಹಿಮೆಗೊಂಡಿತ್ತು ಎಂಬರ್ಥ ಕೊಟ್ಟಿತ್ತು. ಇಂದಿನ ಅನುವಾದಗಳು ಮುಖ ಪ್ರಕಾಶಿಸುತ್ತಿತ್ತು ಎನ್ನುತ್ತವೆ. ಜೆರೋಮ್ ಮೂಲಧಾತುವಿನ ಅರ್ಥ ಹಿಡಿದು ಕೊಂಬುಳ್ಳ ಮುಖ ಎಂದ. ಹೀಬ್ರೂವಿನಲ್ಲಿ ಕೊಂಬು ಬಲದ, ಹಿರಿಮೆಯ ಗುರುತು ಎಂಬುದು ಅವನಿಗೆ ಗೊತ್ತಿತ್ತು. ಅವನ ಲ್ಯಾಟಿನ್ ಓದಿದ ಮುಂದಿನ ಶತಮಾನಗಳ ಚಿತ್ರಕಾರರು, ಶಿಲ್ಪಿಗಳು ಮೋಶೆಯ ತಲೆಗೆ ನಿಜವಾದ ಕೊಂಬುಗಳನ್ನೇ ಮೂಡಿಸಿದರು. ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೋಲಿ ಚರ್ಚಿನಲ್ಲಿರುವ ಮೈಕೆಲಾಂಜೆಲೊನ ಮೋಶೆಗೆ ಇಂದಿಗೂ ಎರಡು ಕೊಂಬುಗಳಿವೆ.

ಅವನಿಗೇನು ಎರಡು ಕೊಂಬಿವೆಯೇ ಎಂದು ನಾವೂ ಕೇಳುತ್ತೇವೆ. ಯಾರೂ ತಲೆ ತಡವಿ ನೋಡುವುದಿಲ್ಲ. ಹೊಟ್ಟೆಕಿಚ್ಚು ಎಂದಾಗ ನೀರು ತರಲು ಓಡುವುದಿಲ್ಲ. ಆದರೆ ಸಾವಿರ ವರ್ಷದ ಮೇಲೆ, ಕನ್ನಡವನ್ನು ನಿಘಂಟಿನಿಂದಷ್ಟೇ ಬಲ್ಲವನೊಬ್ಬ ಈ ಮಾತುಗಳನ್ನು ಪ್ರತಿಪದಾರ್ಥ ಹಚ್ಚಿ ಅನುವಾದಿಸಿದರೆ ಏನಾದೀತು? ಆಡುವವರ ನಡುವೆ ಬದುಕಿದ್ದಾಗ ನುಡಿಗಟ್ಟು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆ. ಆಡುವವರು ಮರೆಯಾದ ಮೇಲೆ ಪದ ಉಳಿಯುತ್ತದೆ, ಗಟ್ಟು ಕಳಚುತ್ತದೆ. ಪ್ರಾಚೀನ ಗ್ರಂಥವನ್ನು ಅಕ್ಷರಶಃ ಓದುವುದರ ಅಪಾಯ ಇದು.

ಎರಡನೆಯದು ಪ್ರಭುವಿನ ಪ್ರಾರ್ಥನೆಯಲ್ಲಿ ರೊಟ್ಟಿಯ ಜೊತೆ ಬರುವ ಗ್ರೀಕ್ ವಿಶೇಷಣ, ಎಪಿಊಸಿಯೊಸ್. ಮತ್ತಾಯ ಮತ್ತು ಲೂಕ ಇಬ್ಬರ ಸುವಾರ್ತೆಯಲ್ಲೂ ಅದೇ ಪದವಿದೆ, ಆದರೆ ಬೇರೆ ಗ್ರೀಕ್ ಬರಹಗಳಲ್ಲಿ ಅದು ಸಿಗುವುದೇ ಅಪರೂಪ. ಹಳೆಯ ಲ್ಯಾಟಿನ್ನಿನಲ್ಲಿ ‘ದಿನನಿತ್ಯದ’ ಎಂದಿತ್ತು. ಜೆರೋಮ್ ಲೂಕನಲ್ಲಿ ಅದನ್ನು ಹಾಗೆಯೇ ಬಿಟ್ಟ. ಮತ್ತಾಯನಲ್ಲಿ ಪದವನ್ನು ಎಪಿ, ಊಸಿಯ ಎಂದು ಬಿಡಿಸಿ, ‘ಮೇಲಿನ’ ಮತ್ತು ‘ಸತ್ತ್ವ’ ಎಂಬರ್ಥಗಳನ್ನು ಜೋಡಿಸಿ, ಸತ್ತ್ವಾತೀತ ಎನ್ನಬಹುದಾದ ಹೊಸ ಲ್ಯಾಟಿನ್ ಪದವನ್ನಿಟ್ಟ. ಒಂದೇ ಪದ, ಒಬ್ಬನೇ ಅನುವಾದಕ, ಎರಡು ಅನುವಾದ. ಜನ ಪ್ರಾರ್ಥನೆಯಲ್ಲಿ ಉಳಿಸಿಕೊಂಡದ್ದು ದಿನನಿತ್ಯದ ರೊಟ್ಟಿಯನ್ನು. ಕೀರ್ತನೆಗಳ ವಿಷಯದಲ್ಲೂ ಹೀಗೇ ಆಯಿತು. ಗ್ರೀಕಿನ ಆಧಾರದಲ್ಲಿ ಅವನು ತಿದ್ದಿದ ಪಾಠ ಹಾಡಿಕೆಯಲ್ಲಿ ನಿಂತಿತು. ಹೀಬ್ರೂವಿನಿಂದ ನೇರವಾಗಿ ಮಾಡಿದ್ದು, ಮೂಲಕ್ಕೆ ಹೆಚ್ಚು ಹತ್ತಿರವಾಗಿದ್ದರೂ, ಜನರ ಬಾಯಿಗೆ ಬರಲಿಲ್ಲ.

ಒಂದು ಗಿಡದ ಗಲಾಟೆ

ಈ ಬದುಕಿನಲ್ಲಿ ಶಿಕ್ಷಕರು ಹೆಚ್ಚು ಹೊತ್ತು ನಿಂತು ನೋಡಬೇಕಾದ ಘಟನೆ ಉತ್ತರ ಆಫ್ರಿಕದ್ದು. ಯೋನನ ಕಥೆಯಲ್ಲಿ, ನಿನೆವೆ ಪಟ್ಟಣದ ಹೊರಗೆ ಬಿಸಿಲಲ್ಲಿ ಕುಳಿತ ಪ್ರವಾದಿಗೆ ನೆರಳಾಗಲು ದೇವರು ಒಂದು ಗಿಡವನ್ನು ಬೆಳೆಸುತ್ತಾನೆ. ಹೀಬ್ರೂವಿನಲ್ಲಿ ಅದರ ಹೆಸರು ಕೀಕಾಯೋನ್. ಗ್ರೀಕ್ ಮತ್ತು ಹಳೆಯ ಲ್ಯಾಟಿನ್ ಪಾಠಗಳಲ್ಲಿ ಅದು ಸೋರೆಯ ಜಾತಿಯ ಬಳ್ಳಿ. ಪ್ಯಾಲೆಸ್ತೀನಿನಲ್ಲಿ ವಾಸವಿದ್ದ ಜೆರೋಮ್ ಆ ಗಿಡವನ್ನು ಬಲ್ಲ. ಅಗಲ ಎಲೆ, ಬೇಗ ಬೆಳೆಯುವ ಗುಣ, ಆಸರೆಯಿಲ್ಲದೆ ತನ್ನ ಕಾಂಡದ ಮೇಲೇ ನಿಲ್ಲುವ ಗಿಡ ಎಂದು ವರ್ಣಿಸಿದ್ದಾನೆ. ಅದು ಔಡಲದ ಗಿಡವೆಂದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ನಮ್ಮ ಹಿತ್ತಲಿನಲ್ಲಿ ಔಡಲ ನೋಡಿದವರಿಗೆ ಅವನ ವರ್ಣನೆ ಚೆನ್ನಾಗಿಯೇ ಹೊಂದುತ್ತದೆ. ಲ್ಯಾಟಿನ್ನಿನಲ್ಲಿ ತಕ್ಕ ಹೆಸರು ಅವನಿಗೆ ಕಾಣಲಿಲ್ಲ. ಹೀಬ್ರೂ ಹೆಸರನ್ನೇ ಇಟ್ಟರೆ ಯಾರಿಗೂ ತಿಳಿಯದು, ಸೋರೆ ಎಂದರೆ ಮೂಲದಲ್ಲಿಲ್ಲದ್ದು. ಕೊನೆಗೆ ಹಿಂದಿನ ಕೆಲವು ಅನುವಾದಕರ ದಾರಿ ಹಿಡಿದು ಐವಿ ಬಳ್ಳಿಯ ಹೆಸರಿಟ್ಟ. ಅದೂ ಸರಿಯಾದ ಗಿಡವಲ್ಲ.

ಇಂದು ಲಿಬಿಯದ ಟ್ರಿಪೊಲಿಯಾಗಿರುವ ಓಯ ಎಂಬ ಊರಿನಲ್ಲಿ ಒಬ್ಬ ಬಿಷಪ್ ಈ ಹೊಸ ಅನುವಾದವನ್ನು ಓದಿಸಿದ. ತಲೆಮಾರುಗಳಿಂದ ಕೇಳಿ ಹಾಡಿ ಬಂದ ಪದ ಬದಲಾದದ್ದನ್ನು ಕಂಡು ಸಭೆಯಲ್ಲಿ ಗದ್ದಲವೆದ್ದಿತು. ಊರಿನ ಯೆಹೂದಿಗಳನ್ನು ಕೇಳಬೇಕಾಯಿತು. ಅವರು ಹಳೆಯ ಪಾಠವೇ ಸರಿ ಎಂದರು. ಸಭೆಯನ್ನು ಕಳೆದುಕೊಳ್ಳಲಾರದೆ ಬಿಷಪ್ ಹೊಸ ಪದವನ್ನು ತಪ್ಪೆಂದು ತಿದ್ದಬೇಕಾಯಿತು. ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ ಇದನ್ನು 403ರ ಸುಮಾರಿಗೆ ಜೆರೋಮನಿಗೆ ಬರೆದ ಪತ್ರದಲ್ಲಿ ತಿಳಿಸಿದ. ಯಾವ ಪದವೆಂದು ಅವನು ಹೇಳಿರಲಿಲ್ಲ. ಗಿಡದ ಹೆಸರೇ ಇರಬೇಕೆಂದು ಜೆರೋಮ್ ಊಹಿಸಿ, ತನ್ನ ಆಯ್ಕೆಯ ಕಾರಣಗಳನ್ನು ಸ್ವಲ್ಪ ಖಾರವಾಗಿಯೇ ಉತ್ತರಿಸಿದ. ಅಗಸ್ಟೀನನ ಚಿಂತೆ ಗಿಡದ್ದಲ್ಲ. ಹೀಬ್ರೂ ಬಲ್ಲವರು ಊರಿಗೊಬ್ಬರೂ ಇಲ್ಲದಿರುವಾಗ, ಎಲ್ಲರಿಗೂ ಪರಿಚಿತವಾದ ಗ್ರೀಕ್ ಪಾಠವನ್ನು ಬಿಟ್ಟು ಯಾರೂ ಪರೀಕ್ಷಿಸಲಾರದ ಮೂಲಕ್ಕೆ ಹೋದರೆ ಜನರ ನಂಬಿಕೆಯ ಗತಿಯೇನು, ಗ್ರೀಕ್ ಮತ್ತು ಲ್ಯಾಟಿನ್ ಸಭೆಗಳು ಬೇರೆಯಾಗಿಬಿಟ್ಟರೆ ಏನು ಮಾಡುವುದು ಎಂಬುದು ಅವನ ಪ್ರಶ್ನೆ.

ಇಬ್ಬರ ಮಾತನ್ನೂ ನಾನು ತೂಗಿ ನೋಡಿದ್ದೇನೆ. ಭಾಷೆಯ ವಿಷಯದಲ್ಲಿ ಜೆರೋಮನ ದಾರಿ ಸರಿ. ಮೂಲ ಸಿಗುವಾಗ ಅನುವಾದದ ಅನುವಾದಕ್ಕೆ ಅಂಟಿಕೊಳ್ಳಲು ಕಾರಣವಿಲ್ಲ. ಕೇಳುವವರ ವಿಷಯದಲ್ಲಿ ಅಗಸ್ಟೀನನ ಚಿಂತೆ ಸರಿ. ಬಾಯಿಪಾಠವಾದ ಪದವೆಂಬುದು ಕೇಳುಗನ ಅಜ್ಜಿಯ ದನಿ, ಹಬ್ಬದ ದಿನದ ನೆನಪು ಎಲ್ಲವನ್ನೂ ಹೊತ್ತಿರುತ್ತದೆ. ಓಯದಲ್ಲಿ ನಡೆದದ್ದನ್ನು ಪಾಠದ ದೃಷ್ಟಿಯಿಂದ ನೋಡಿದರೆ, ಹೊಸ ಅರ್ಥ ಬಂತು, ಅದಕ್ಕೆ ಪೀಠಿಕೆ ಬರಲಿಲ್ಲ. ಮೂಲದಲ್ಲಿ ಏನಿದೆ, ಅದು ಏಕೆ ಕಷ್ಟ, ಹಿಂದಿನವರು ಏನೆಂದರು, ಈಗ ಏಕೆ ಬೇರೆ ಪದ ಎಂದು ಸಭೆಗೆ ಮೊದಲೇ ತಿಳಿಸಿದ್ದರೆ ಗದ್ದಲ ತಪ್ಪುತ್ತಿತ್ತೆಂದು ಹೇಳಲಾರೆ. ವಿಚಾರಕ್ಕೆ ಅವಕಾಶವಂತೂ ಸಿಗುತ್ತಿತ್ತು.

ಅಕ್ಷರಶಃ ಎಂಬ ಆಯುಧ

ಅನುವಾದದ ಬಗ್ಗೆ ಅವನು ಹೆಚ್ಚು ವಿವರವಾಗಿ ಬರೆದದ್ದು ಒಂದು ಆಪಾದನೆಗೆ ಉತ್ತರವಾಗಿ. ಎಪಿಫೇನಿಯಸ್ ಎಂಬ ಬಿಷಪನ ಗ್ರೀಕ್ ಪತ್ರವೊಂದನ್ನು ಗ್ರೀಕ್ ಬಾರದ ಗೆಳೆಯನ ಖಾಸಗಿ ಓದಿಗೆಂದು ಅವಸರದಲ್ಲಿ ಲ್ಯಾಟಿನ್ನಿಗೆ ಬರೆಸಿಕೊಟ್ಟಿದ್ದ. ಆ ಪ್ರತಿ ಕಳುವಾಗಿ ವಿರೋಧಿಗಳ ಕೈ ಸೇರಿತು. ಪದಕ್ಕೆ ಪದ ಇಲ್ಲ, ಗೌರವದ ಪದಗಳನ್ನು ಬಿಟ್ಟಿದ್ದಾನೆ, ಇದು ಮೋಸ ಎಂದು ಅವರು ಕೂಗಿದರು. 395ರ ಸುಮಾರಿಗೆ ಪಮ್ಮಾಕಿಯಸನಿಗೆ ಬರೆದ ಪತ್ರದಲ್ಲಿ ಜೆರೋಮ್ ತನ್ನ ನಿಲುವನ್ನು ಹೇಳಿದ: ತಾನು ಅನುವಾದಿಸುವುದು ಅರ್ಥವನ್ನು, ಬಿಡಿಪದಗಳನ್ನಲ್ಲ, ಸುವಾರ್ತೆ ಬರೆದವರೂ ಹಳೆಯ ಗ್ರಂಥಗಳನ್ನು ಉದಾಹರಿಸುವಾಗ ಪದಕ್ಕೆ ಪದ ಹಿಡಿದಿಲ್ಲ. ಆದರೆ ಅದೇ ಪತ್ರದಲ್ಲಿ ಧರ್ಮಗ್ರಂಥವನ್ನು ಪ್ರತ್ಯೇಕಿಸಿದ. ಅಲ್ಲಿ ಪದಗಳ ಕ್ರಮದಲ್ಲೂ ರಹಸ್ಯವಿದೆ ಎಂದ. ಅವನ ಅನುವಾದವನ್ನು ನೋಡಿದರೆ ಧರ್ಮಗ್ರಂಥದಲ್ಲೂ ಎಷ್ಟೋ ಕಡೆ ಅವನು ಅರ್ಥದ ಹಿಂದೆ ಹೋಗಿದ್ದಾನೆ. ನಿಯಮವೊಂದು, ನಡೆ ಇನ್ನೊಂದು ಆದದ್ದು ಅವನ ಕಪಟದಿಂದಲ್ಲ. ಒಂದೇ ನಿಯಮಕ್ಕೆ ಎಲ್ಲ ವಾಕ್ಯಗಳೂ ಬಗ್ಗುವುದಿಲ್ಲ.

ಕೆಲವೇ ವರ್ಷಗಳಲ್ಲಿ ಅವನೇ ಅಕ್ಷರಶಃ ಅನುವಾದವನ್ನು ಆಯುಧವಾಗಿ ಎತ್ತಿದ. ಬಾಲ್ಯದ ಗೆಳೆಯ ರುಫಿನಸ್ 398ರಲ್ಲಿ ಒರಿಜನನ ಗ್ರಂಥವೊಂದನ್ನು ಲ್ಯಾಟಿನ್ನಿಗೆ ತಂದು, ವಿವಾದದ ಭಾಗಗಳನ್ನು ನಯಗೊಳಿಸಿ, ಜೆರೋಮನ ಪದ್ಧತಿಯನ್ನೇ ಅನುಸರಿಸಿದ್ದೇನೆಂದು ಮುನ್ನುಡಿಯಲ್ಲಿ ಹೊಗಳಿದ. ಸಿಟ್ಟಾದ ಜೆರೋಮ್ ಒರಿಜನನ ದೋಷಗಳೆಲ್ಲ ಕಾಣಲೆಂದು ಅದೇ ಗ್ರಂಥವನ್ನು ಪದಕ್ಕೆ ಪದ ಅನುವಾದಿಸಿದ. ಜಗಳ ಬೆಳೆದು, ಬರನೀನನ ಹೆಸರನ್ನು ತಿರುಚಿ ಕಳ್ಳನ ಹೆಸರಾಗಿ ಹಂಗಿಸುವವರೆಗೂ ರುಫಿನಸ್ ಹೋದ. ರುಫಿನಸ್ ಸತ್ತ ಮೇಲೂ ಜೆರೋಮ್ ಅವನನ್ನು ಬೈಯುವುದನ್ನು ಬಿಡಲಿಲ್ಲ. ಸಂತನ ಬದುಕಿನಲ್ಲಿ ಇದೂ ಇದೆ.

ಅಕ್ಷರ ಕಲಿಸಿದ ಕೈ

ರುಫಿನಸನ ದೂರುಗಳಲ್ಲಿ ಒಂದು ನನಗೆ ಪ್ರಿಯವಾದದ್ದು: ಜೆರೋಮ್ ಬೆತ್ಲೆಹೇಮಿನಲ್ಲಿ ಚಿಕ್ಕ ಹುಡುಗರಿಗೆ ವರ್ಜಿಲ್ ಮೊದಲಾದವರನ್ನು ಪಾಠ ಹೇಳುತ್ತಿದ್ದನಂತೆ. ಕನಸಿನ ಆಣೆ ಮುರಿದದ್ದಕ್ಕೆ ಅದು ಸಾಕ್ಷಿ, ಅವನು ಶಾಲಾಮಾಸ್ತರನೂ ಆಗಿದ್ದನೆಂಬುದಕ್ಕೂ ಸಾಕ್ಷಿ. ಪೌಲಳ ಸೊಸೆ ಲೇಟ ತನ್ನ ಪುಟ್ಟ ಮಗಳ ಓದಿನ ಬಗ್ಗೆ ಕೇಳಿದಾಗ ಅವನು ಬರೆದ ಪತ್ರ ಬೋಧನಾಶಾಸ್ತ್ರದ ಚರಿತ್ರೆಯಲ್ಲಿ ಇಂದಿಗೂ ಓದಬೇಕಾದದ್ದು. ಮರದಲ್ಲೋ ದಂತದಲ್ಲೋ ಅಕ್ಷರ ಮಾಡಿಸಿ ಮಗುವಿಗೆ ಆಡಲು ಕೊಡಬೇಕು. ಅಕ್ಷರಗಳ ಕ್ರಮವನ್ನು ಹಾಡಾಗಿ ಕಲಿಸಿ, ಆಮೇಲೆ ಕ್ರಮ ಕೆಡಿಸಿ ಗುರುತಿಸಲು ಹೇಳಬೇಕು. ಬರೆಯುವಾಗ ಕೈ ಹಿಡಿದು ತಿದ್ದಿಸಬೇಕು, ಇಲ್ಲವೇ ಹಲಗೆಯಲ್ಲಿ ಕೊರೆದ ಅಕ್ಷರದ ಗೀರಿನಲ್ಲಿ ಕೈಯಾಡಿಸಲು ಬಿಡಬೇಕು. ಜೊತೆಗಾರರಿರಬೇಕು, ಚಿಕ್ಕ ಬಹುಮಾನವಿರಬೇಕು. ನಿಧಾನವಾದರೆ ಗದರಬಾರದು, ಓದನ್ನು ದ್ವೇಷಿಸುವ ಹಾಗೆ ಮಾಡಬಾರದು. ಇದರಲ್ಲಿ ಬಹುಪಾಲು ರೋಮನ್ ಶಿಕ್ಷಣತಜ್ಞ ಕ್ವಿಂಟಿಲಿಯನನಿಂದ ಪಡೆದದ್ದು. ಅದೇ ಪತ್ರದಲ್ಲಿ ಆ ಹುಡುಗಿಗೆ ಅವನು ಹಾಕುವ ಕಟ್ಟುಪಾಡುಗಳಲ್ಲಿ ಹಲವು ಇಂದು ಒಪ್ಪುವಂಥವಲ್ಲ. ಎರಡನ್ನೂ ಓದಿ, ಆರಿಸಿಕೊಳ್ಳಬೇಕು.

404ರಲ್ಲಿ ಪೌಲ ತೀರಿಕೊಂಡಳು. ದಾನ ಮಾಡಿ ಮಾಡಿ ಮಗಳಿಗೆ ಉಳಿಸಿದ್ದು ಸಾಲವನ್ನು. 410ರಲ್ಲಿ ಗಾಥರು ರೋಮನ್ನು ಸೂರೆಗೊಂಡರು. ನಿರಾಶ್ರಿತರು ಬೆತ್ಲೆಹೇಮಿನವರೆಗೂ ಬಂದರು. ಯೆಹೆಜ್ಕೇಲನ ವ್ಯಾಖ್ಯಾನವನ್ನು ಪಕ್ಕಕ್ಕಿಟ್ಟು ಅವನು ಅವರ ಆರೈಕೆಗೆ ನಿಂತ. 416ರಲ್ಲಿ ಮಠಗಳ ಮೇಲೆ ದಾಳಿಯಾಗಿ ಬೆಂಕಿ ಬಿತ್ತು. ಕಣ್ಣು ಮಂಜಾಗಿ, ರಾತ್ರಿ ದೀಪದಲ್ಲಿ ಹೀಬ್ರೂ ಅಕ್ಷರ ಕಾಣದಾದರೂ, ಹೇಳಿ ಬರೆಸುವುದನ್ನು ನಿಲ್ಲಿಸಲಿಲ್ಲ. 420ರ ಸೆಪ್ಟೆಂಬರ್ 30 ಅವನು ತೀರಿದ ದಿನವೆಂದು ರೂಢಿ.

ಓಯದಲ್ಲಿ ಜನ ತಳ್ಳಿದ ಅನುವಾದ ನಿಧಾನವಾಗಿ ಒಂದೊಂದೇ ಶತಮಾನದಲ್ಲಿ ಜನರದ್ದಾಯಿತು. ಅವನ ಅನುವಾದಗಳ ಜೊತೆ ಬೇರೆಯವರು ಮಾಡಿದ ಕೆಲವು ಭಾಗಗಳೂ ಸೇರಿ ವಲ್ಗೇಟ್ ಎಂಬ ಹೆಸರು ಪಡೆಯಿತು. 1450ರ ದಶಕದಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ್ದು ಅದನ್ನೇ. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಅಧಿಕೃತವೆಂದು ಸಾರಿತು. ಆ ಹೊತ್ತಿಗೆ ಹೀಬ್ರೂ, ಗ್ರೀಕ್ ಮೂಲಕ್ಕೆ ಮರಳಿ ಅನುವಾದಿಸುತ್ತಿದ್ದವರು ಅವನ ಲ್ಯಾಟಿನ್ನನ್ನೇ ತಿದ್ದತೊಡಗಿದ್ದರು, ಅವನು ಹಿಂದೆ ಹಳೆಯ ಲ್ಯಾಟಿನ್ನನ್ನು ತಿದ್ದಿದ ಹಾಗೆ. 2017ರಲ್ಲಿ ವಿಶ್ವಸಂಸ್ಥೆ ಸೆಪ್ಟೆಂಬರ್ 30ನ್ನು ಅಂತರರಾಷ್ಟ್ರೀಯ ಅನುವಾದ ದಿನವೆಂದು ಒಪ್ಪಿಕೊಂಡಿತು. ನಮ್ಮ ಬೋಧನಾಭ್ಯಾಸದ ಶಾಲೆಗಳಲ್ಲಿ ಆ ದಿನವನ್ನು ಆಚರಿಸುವುದು ಕಡಿಮೆ. ಆಚರಿಸುವವರಿಗೆ ಕ-ಲ ಆಟ ಒಳ್ಳೆಯ ಆರಂಭ.

ತರಗತಿಗೆ ಇದರಿಂದ ನಾನು ತೆಗೆದುಕೊಳ್ಳುವುದು ಮೂರು ಮಾತು. ಪ್ರತಿಪದಾರ್ಥವನ್ನು ಬಿಡಬಾರದು, ತಾತ್ಪರ್ಯಕ್ಕೆ ಸಾಕ್ಷಿ ಹೇಳಬೇಕಾದದ್ದು ಪದಗಳೇ. ಪದಕ್ಕೆ ಎರಡು ಅರ್ಥ ಸಾಧ್ಯವಿದ್ದಾಗ ಎರಡನ್ನೂ ಹಲಗೆಯ ಮೇಲೆ ಬರೆದು, ಯಾವುದನ್ನು ಏಕೆ ಆರಿಸಿದೆವೆಂದು ಮಕ್ಕಳ ಮುಂದೆ ಹೇಳಬೇಕು. ಜೆರೋಮನ ಮುನ್ನುಡಿಗಳೂ ವ್ಯಾಖ್ಯಾನಗಳೂ ಮಾಡಿದ್ದು ಈ ಕೆಲಸವನ್ನು. ಮನೆಯಿಂದ ಮಗು ತಂದ ಅರ್ಥ ಬೇರೆಯಾಗಿದ್ದರೆ ಅದನ್ನು ಅಳಿಸಿ ಹೊಸದನ್ನು ಬರೆಸಬಾರದು. ಮೊದಲು ಅದನ್ನು ಮಗುವಿನ ಬಾಯಿಂದಲೇ ಕೇಳಿ, ಹಲಗೆಯ ಒಂದು ಬದಿಗೆ ಬರೆದು, ಆಮೇಲೆ ಎಲ್ಲರೂ ಕೂಡಿ ಪದ್ಯಕ್ಕೆ ಮರಳಬೇಕು. ಮುಂದಿನ ಅಭ್ಯಾಸಪಾಠಕ್ಕೆ ಹಳೆಯ ಪದ್ಯವೊಂದನ್ನು ಆರಿಸಿಕೊಂಡವರು, ಪಾಠಯೋಜನೆಯಲ್ಲಿ ಪ್ರತಿಪದಾರ್ಥಕ್ಕೂ ತಾತ್ಪರ್ಯಕ್ಕೂ ನಡುವೆ ಐದು ನಿಮಿಷವನ್ನು ಈ ಕೆಲಸಕ್ಕೆಂದೇ ಬಿಟ್ಟಿಡಲಿ.